ಕುಟುಂಬದ ಭಾವಚಿತ್ರಕ್ಕೆ ಯಾವ ಉಡುಪು?

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿರುವ ಭಾರತೀನಗರವನ್ನು ಹಿರಿಯರು ಇಂದಿಗೂ ಕೆ.ಎಂ. ದೊಡ್ಡಿ ಎಂದೇ ಕರೆಯುತ್ತಾರೆ. ಸಕ್ಕರೆ ಕಾರ್ಖಾನೆ ಮತ್ತು ಭಾರತೀ ಕಾಲೇಜಿನಿಂದ ಹೆಸರಾದ ಊರು. ಇಂತಹ ಊರಿನ ಒಂದು ಮುಸ್ಲಿಮ್ ಕುಟುಂಬದಲ್ಲಿ ಒಬ್ಬ ಅಣ್ಣ ಗ್ಯಾರೇಜಿನಲ್ಲಿ ದುಡಿಯುತ್ತಾನೆ, ಮತ್ತೊಬ್ಬ ಮದ್ದೂರಿನ ಮಾರುಕಟ್ಟೆಯಲ್ಲಿ ಲಾರಿಗೆ ಎಳನೀರು ತುಂಬುತ್ತಾನೆ, ಮೂರನೆಯವನು ಸೌದಿಯಲ್ಲಿರುತ್ತಾನೆ. ಸೌದಿಯವನು ರಜೆಗೆ ಬಂದಾಗ, ಇಲ್ಲವೇ ಹಿರಿಯರು ಹಜ್ಜ್‌ಗೆ ಹೊರಡುವ ಮುನ್ನ, ಎಲ್ಲರೂ ಒಟ್ಟಿಗೆ ನಿಂತು ಒಂದು ಭಾವಚಿತ್ರ ತೆಗೆಸಿಕೊಳ್ಳೋಣ ಎಂಬ ಆಸೆ ಹುಟ್ಟುವುದು ಸಹಜ. ಮೊದಲು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಸ್ಟುಡಿಯೋಗೆ ಹೋಗಿ ಬರುತ್ತಿದ್ದರು. ಈಗ ಹದಿನೈದು ದಿನ ಮುಂಚೆಯೇ ಕುಟುಂಬದ ವಾಟ್ಸಪ್ ಗುಂಪಿನಲ್ಲಿ ಆಜ್ಞೆ ಹೊರಡುತ್ತದೆ: ಗಂಡಸರಿಗೆಲ್ಲ ಒಂದೇ ಬಣ್ಣದ ಕುರ್ತಾ, ಹೆಂಗಸರಿಗೆಲ್ಲ ಅದಕ್ಕೆ ಹೊಂದುವ ಒಂದೇ ಬಗೆಯ ಉಡುಪು, ಮಕ್ಕಳಿಗೆ ಅದರದ್ದೇ ಚಿಕ್ಕ ಪ್ರತಿ.

ಈ ಆಜ್ಞೆಯ ಬೆಲೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಒಬ್ಬರ ಉಡುಪಿಗೆ 1,500 ರೂಪಾಯಿ ಎಂದಿಟ್ಟುಕೊಂಡರೂ ಐದು ಜನರಿರುವ ಮನೆಗೆ 7,500 ರೂಪಾಯಿ ಬೇಕು. ಸೌದಿಯ ತಮ್ಮನಿಗೆ ಅದು ದೊಡ್ಡ ಮೊತ್ತವಲ್ಲ. ಎಳನೀರು ತುಂಬುವ ಅಣ್ಣನಿಗೆ ಅದು ಮಕ್ಕಳ ಶಾಲೆಯ ಶುಲ್ಕ. ಆತ ಗುಂಪಿನಲ್ಲಿ ‘ಆಗಲಿ’ ಎಂದು ಬರೆಯುತ್ತಾನೆ, ಅವನ ಹೆಂಡತಿ ಸ್ವಸಹಾಯ ಗುಂಪಿನಲ್ಲೋ ಕಿರುಸಾಲದ ಕಂಪನಿಯಲ್ಲೋ ಬಡ್ಡಿಗೆ ಹಣ ಎತ್ತುತ್ತಾಳೆ. ಕಿರುಸಾಲ ವಸೂಲಿಯ ಕಿರುಕುಳ ಎಷ್ಟು ಮಿತಿಮೀರಿತ್ತೆಂದರೆ ಅದನ್ನು ತಡೆಯಲು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಡ್ಡಿಯ ಹಣದಲ್ಲಿ ಕೊಂಡ ಕುರ್ತಾ ತೊಟ್ಟು ನಗುತ್ತಾ ನಿಂತ ಆ ಅಣ್ಣನ ಚಿತ್ರವನ್ನು ನಾವು ‘ನಮ್ಮ ಸುಂದರ ಕುಟುಂಬ’ ಎಂದು ಹಂಚುತ್ತೇವೆ.

ನನ್ನ ಅಭಿಪ್ರಾಯ ಇಷ್ಟೇ: ಭಾವಚಿತ್ರದ ಉಡುಪನ್ನು ಕುಟುಂಬದ ಅತ್ಯಂತ ಬಡ ಮನೆಯ ಕಪಾಟನ್ನು ನೋಡಿ ನಿರ್ಧರಿಸಬೇಕು. ಆ ಮನೆಯವರಲ್ಲಿ ಈಗಾಗಲೇ ಇರುವ ಒಳ್ಳೆಯ ಬಟ್ಟೆ ಯಾವುದೋ ಅದಕ್ಕೆ ಉಳಿದವರು ಹೊಂದಿಕೊಳ್ಳಲಿ. ಆ ಮನೆಯ ಹೆಣ್ಣುಮಗಳಲ್ಲಿ ಈದ್‌ಗೆ ಹೊಲಿಸಿದ ಒಂದು ಕಡುಹಸಿರು ಚೂಡಿದಾರ್ ಇದ್ದರೆ, ಉಳಿದ ಹೆಂಗಸರು ತಮ್ಮಲ್ಲಿರುವ ಹತ್ತಾರು ಉಡುಪುಗಳಲ್ಲಿ ಹಸಿರಿಗೆ ಒಪ್ಪುವ ಒಂದನ್ನು ಹುಡುಕುವುದು ಕಷ್ಟವೇನಲ್ಲ. ಇರುವವರಿಗೆ ಆಯ್ಕೆ ಸುಲಭ. ಇಲ್ಲದವರ ಮೇಲೆ ಆಯ್ಕೆಯ ಭಾರ ಹೊರಿಸುವುದು ಅನ್ಯಾಯ.

ಇದನ್ನು ಕೇಳಿದ ಕೂಡಲೇ, ಇಸ್ಲಾಮ್ ಚೆನ್ನಾಗಿ ಉಡುವುದನ್ನು ವಿರೋಧಿಸುತ್ತದೆಯೇ ಎಂದು ಕೆಲವರು ಕೇಳಬಹುದು. ಖಂಡಿತ ಇಲ್ಲ. ಪವಿತ್ರ ಕುರ್‌ಆನ್‌ನ 7ನೇ ಅಧ್ಯಾಯದ 26ನೇ ಸೂಕ್ತವು ಉಡುಪನ್ನು ದೇಹ ಮುಚ್ಚುವ ಸಾಧನವೆಂದೂ ಅಲಂಕಾರವೆಂದೂ ಒಟ್ಟಿಗೇ ಹೇಳಿ, ಧರ್ಮನಿಷ್ಠೆಯ ಉಡುಪು ಇನ್ನೂ ಮೇಲು ಎನ್ನುತ್ತದೆ. ಅದೇ ಅಧ್ಯಾಯದ 31 ಮತ್ತು 32ನೇ ಸೂಕ್ತಗಳು ಆರಾಧನೆಯ ವೇಳೆ ಚೆನ್ನಾಗಿ ಉಡುವಂತೆ ಆದೇಶಿಸಿ, ದುಂದನ್ನು ನಿಷೇಧಿಸಿ, ಅಲ್ಲಾಹನು ದಾಸರಿಗೆಂದು ಕೊಟ್ಟ ಅಲಂಕಾರವನ್ನು ಹರಾಮ್ ಎನ್ನುವವರನ್ನು ಪ್ರಶ್ನಿಸುತ್ತವೆ. ಒಮ್ಮೆ ಹರಕು ಬಟ್ಟೆಯಲ್ಲಿ ಬಂದ ಒಬ್ಬರನ್ನು ಪ್ರವಾದಿ(ಸ) ನಿಮ್ಮಲ್ಲಿ ಸಂಪತ್ತಿದೆಯೇ ಎಂದು ವಿಚಾರಿಸಿದರು. ಒಂಟೆ, ಕುರಿ, ಕುದುರೆ ಎಲ್ಲವೂ ಇವೆ ಎಂಬ ಉತ್ತರ ಬಂದಾಗ, ಅಲ್ಲಾಹನ ಅನುಗ್ರಹದ ಕುರುಹು ನಿಮ್ಮ ಮೈಮೇಲೂ ಕಾಣಲಿ ಎಂಬ ಅರ್ಥದಲ್ಲಿ ಬುದ್ಧಿ ಹೇಳಿದರು. ಒಳ್ಳೆಯ ಬಟ್ಟೆ, ಒಳ್ಳೆಯ ಚಪ್ಪಲಿ ಇಷ್ಟಪಡುವುದು ಅಹಂಕಾರವೇ ಎಂದು ಸಹಾಬಿಯೊಬ್ಬರು ಕೇಳಿದಾಗಲೂ, ಅಲ್ಲ ಎಂದು ತಿಳಿಸಿ, ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದು ವಿವರಿಸಿದರು. ಆ ವಿವರಣೆಯ ಎರಡನೇ ಭಾಗವನ್ನು ಭಾವಚಿತ್ರದ ಸಂದರ್ಭಕ್ಕೆ ಹಚ್ಚಿ ನೋಡಿ. ಬಣ್ಣ ಹೊಂದದ ಬಟ್ಟೆಯಲ್ಲಿ ಬಂದ ಫೂಪುವನ್ನು ಹಿಂದಿನ ಸಾಲಿನ ಮೂಲೆಗೆ ಸರಿಸುವುದು ಯಾವ ವರ್ಗಕ್ಕೆ ಸೇರುತ್ತದೆ?

ಇನ್ನೊಂದು ಹದೀಸ್ ಈ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಸ್ಮಾ(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಹದೀಸ್ ಅದು. ಗಂಡ ತನಗೆ ಕೊಡದಿದ್ದುದನ್ನು ಕೊಟ್ಟಿದ್ದಾನೆಂದು ಸವತಿಯ ಮುಂದೆ ತೋರಿಸಿಕೊಳ್ಳಬಹುದೇ ಎಂದು ಮಹಿಳೆಯೊಬ್ಬರು ಕೇಳುತ್ತಾರೆ. ತನಗೆ ಸಿಗದಿದ್ದುದು ಸಿಕ್ಕಿದೆಯೆಂದು ಮೆರೆಯುವ ವ್ಯಕ್ತಿಯನ್ನು ಪ್ರವಾದಿ(ಸ) ಸುಳ್ಳಿನ ಎರಡು ವಸ್ತ್ರ ತೊಟ್ಟವನಿಗೆ ಹೋಲಿಸಿದರು. ಹೋಲಿಕೆಗೆ ಅವರು ಬಟ್ಟೆಯನ್ನೇ ಆರಿಸಿಕೊಂಡದ್ದು ಗಮನಾರ್ಹ. ಬಟ್ಟೆ ಮಾತನಾಡುತ್ತದೆ, ಆದ್ದರಿಂದ ಅದು ಸುಳ್ಳನ್ನೂ ಹೇಳಬಲ್ಲದು.

ಹಾಗಾದರೆ ಭಾವಚಿತ್ರಕ್ಕಾಗಿ ಬಟ್ಟೆ ಎರವಲು ಪಡೆಯುವುದೂ ಸುಳ್ಳಾಗುತ್ತದೆಯೇ? ಇಲ್ಲಿ ಅವಸರದ ತೀರ್ಪು ಬೇಡ. ಆಯಿಶಾ(ರ) ತಮ್ಮಲ್ಲಿದ್ದ ಒಂದು ಉಡುಪಿನ ಬಗ್ಗೆ ಹೇಳಿದ ಮಾತು ಬುಖಾರಿಯಲ್ಲಿದೆ. ಐದು ದಿರ್ಹಮ್ ಬೆಲೆಯ ಅಂತಹ ಒಂದು ಉಡುಪು ಪ್ರವಾದಿಯವರ ಕಾಲದಲ್ಲಿ ಅವರಲ್ಲಿತ್ತು. ಮದೀನಾದಲ್ಲಿ ಸಿಂಗರಿಸಿಕೊಳ್ಳಬೇಕಾದ ಹೆಣ್ಣುಮಕ್ಕಳೆಲ್ಲ ಅದನ್ನೇ ಅವರಿಂದ ಕೇಳಿ ಪಡೆಯುತ್ತಿದ್ದರು. ಬುಖಾರಿ ಇದನ್ನು ಮದುಮಗಳಿಗಾಗಿ ಎರವಲು ಪಡೆಯುವ ವಿಷಯದಲ್ಲಿ ಸೇರಿಸಿದ್ದಾರೆ. ಈದ್‌ಗಾಹಿಗೆ ಹೊರಡಲು ಹೊದಿಕೆ ಇಲ್ಲದವಳು ಏನು ಮಾಡಬೇಕೆಂಬ ಪ್ರಶ್ನೆ ಬಂದಾಗಲೂ, ಗೆಳತಿ ತನ್ನದರಲ್ಲಿ ಒಂದನ್ನು ಅವಳಿಗೆ ಕೊಡಲಿ ಎಂಬ ಉತ್ತರವನ್ನು ಪ್ರವಾದಿ(ಸ) ಕೊಟ್ಟರೆಂದು ಉಮ್ಮು ಅತಿಯ್ಯ(ರ) ವರದಿ ಮಾಡಿದ್ದಾರೆ. ಮದೀನಾದ ಮದುವೆಗಳಲ್ಲಿ ಒಂದೇ ಉಡುಪು ಮನೆಯಿಂದ ಮನೆಗೆ ಸುತ್ತುತ್ತಿತ್ತು. ಅದು ಯಾರದೆಂಬುದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಅದರಿಂದ ನಾಚಿಕೆಯಾಗಲಿಲ್ಲ.

ಆದ್ದರಿಂದ ಎರವಲನ್ನೇ ತಪ್ಪೆನ್ನಲಾಗದು, ಅದು ಯಾಕಾಗಿ ಎಂಬುದನ್ನು ನೋಡಬೇಕು. ಖಾಲಾ ತನ್ನ ರೇಷ್ಮೆ ಸೀರೆಯನ್ನು ತಂಗಿಯ ಮಗಳಿಗೆ ಉಡಿಸಿ ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡರೆ ಅದು ಆಯಿಶಾ(ರ)ರ ಮನೆಯ ಪದ್ಧತಿ. ಬೀಗರಾಗುವವರ ಕಣ್ಣಿಗೆ ಸಿರಿವಂತರಾಗಿ ಕಾಣಲು ಒಡವೆ ಬಾಡಿಗೆಗೆ ತಂದು, ಬೇರೆ ಯಾರದೋ ಕಾರಿನ ಮುಂದೆ ನಿಂತು ತೆಗೆಸಿದ ಚಿತ್ರವನ್ನು ಹೆಣ್ಣು ನೋಡುವ ಮಾತುಕತೆಗೆ ಕಳುಹಿಸಿದರೆ ಅದು ಸುಳ್ಳಿನ ವಸ್ತ್ರ. (ಒಡವೆಯ ಮಾತು ಬಂದುದರಿಂದ ಒಂದು ನೆನಪು: ಚಿತ್ರದಲ್ಲಿ ಮಿನುಗುವ ಚಿನ್ನ ಸ್ವಂತದ್ದಾಗಿದ್ದು ನಿಸಾಬ್ ತಲುಪಿದ್ದರೆ ಹನಫೀ ಮದ್‌ಹಬ್ ಪ್ರಕಾರ ಅದಕ್ಕೆ ಝಕಾತ್ ಇದೆ. ತೊಡುವ ಒಡವೆ ಎಂಬ ವಿನಾಯಿತಿ ಆ ಮದ್‌ಹಬ್‌ನಲ್ಲಿ ಇಲ್ಲ.)

ಭಾವಚಿತ್ರದ ಬಟ್ಟೆ ಒಂದು ಕುಟುಂಬದ ನಿಜಸ್ಥಿತಿಯನ್ನು ಎಷ್ಟು ಮರೆಮಾಚಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ. 1792ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನರ ಇಬ್ಬರು ಗಂಡುಮಕ್ಕಳು, ಸುಮಾರು ಹತ್ತು ಮತ್ತು ಎಂಟು ವರ್ಷದ ಅಬ್ದುಲ್ ಖಾಲಿಕ್ ಮತ್ತು ಮುಇಝ್ಝುದ್ದೀನ್, ಒಪ್ಪಂದದ ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸ್‌ನ ಡೇರೆಗೆ ಹೋದರು. ಬಿಳಿ ಮಸ್ಲಿನ್ ನಿಲುವಂಗಿ, ಕೆಂಪು ಮುಂಡಾಸು, ಕೊರಳಲ್ಲಿ ಸಾಲುಸಾಲು ಮುತ್ತು. ರಾಬರ್ಟ್ ಹೋಮ್ ಮುಂತಾದ ಆಂಗ್ಲ ಕಲಾವಿದರು ಆ ದೃಶ್ಯವನ್ನು ಚಿತ್ರಿಸಿದರು, ಅದರ ಪ್ರತಿಗಳು ಇಂಗ್ಲೆಂಡಿನಲ್ಲಿ ಜನಪ್ರಿಯವಾದವು. ಬಟ್ಟೆಯನ್ನಷ್ಟೇ ನೋಡಿದವರಿಗೆ ಅದು ರಾಜಕುಮಾರರ ಔತಣದಂತೆ ಕಾಣುತ್ತದೆ. ತಂದೆಯಿಂದ ಬೇರ್ಪಟ್ಟ ಎರಡು ಮಕ್ಕಳ ಚಿತ್ರ ಅದು. ಅದನ್ನು ಬರೆದವರೂ ನೋಡಿದವರೂ ಅನ್ಯರು. ಆ ಮಕ್ಕಳ ಮನೆಯವರು ಏನು ಬಯಸಿದರೆಂದು ಯಾರೂ ಕೇಳಲಿಲ್ಲ. ನಮ್ಮ ಚಿತ್ರವನ್ನು ನಾವೇ ತೆಗೆಸಿಕೊಳ್ಳುವ ಸ್ವಾತಂತ್ರ್ಯ ಇಂದು ನಮಗಿದೆ. ಅದನ್ನು ಬೇರೆಯವರ ಕಣ್ಣು ತುಂಬಲು ಬಳಸುವುದು ನನಗೆ ಸರಿಯೆನಿಸುವುದಿಲ್ಲ.

ಇನ್ನು ಹೆಣ್ಣುಮಕ್ಕಳ ಹಿಜಾಬ್. ಮನೆಗಳಲ್ಲಿ ಅತಿ ಹೆಚ್ಚು ಮನಸ್ತಾಪ ಹುಟ್ಟುವುದು ಇಲ್ಲಿಯೇ ಆದುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಸೊಸೆಯೊಬ್ಬಳು ನಿತ್ಯ ಹಿಜಾಬ್ ಧರಿಸುವವಳು. ಸ್ಟುಡಿಯೋದಲ್ಲಿ ನಾದಿನಿಯೋ ಅತ್ತೆಯೋ ‘ಒಂದೇ ಒಂದು ಫೋಟೋಗೆ ತೆಗಿಯಮ್ಮಾ, ಇಷ್ಟು ಚೆಂದ ಜಡೆ ಹೆಣೆದಿದ್ದೇವೆ’ ಎನ್ನುತ್ತಾರೆ. ಇದಕ್ಕೆ ತದ್ವಿರುದ್ಧವೂ ಉಂಟು: ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡೇ ಎಪ್ಪತ್ತು ವರ್ಷ ಬಾಳಿದ ದಾದಿಗೆ, ಫೋಟೋ ‘ದೀನೀ’ ಆಗಿ ಕಾಣಲಿ ಎಂದು ಮೊಮ್ಮಕ್ಕಳು ಮೊದಲ ಬಾರಿಗೆ ಕಪ್ಪು ಅಬಾಯಾ ತೊಡಿಸುತ್ತಾರೆ. ಎರಡೂ ತಪ್ಪೆಂದು ನನ್ನ ಭಾವನೆ. 24ನೇ ಅಧ್ಯಾಯದ 30 ಮತ್ತು 31ನೇ ಸೂಕ್ತಗಳು ಗಂಡಸರಿಗೂ ಹೆಂಗಸರಿಗೂ ಕೊಟ್ಟ ಆದೇಶ ಕ್ಯಾಮೆರಾ ಮುಂದೆ ರದ್ದಾಗುವುದಿಲ್ಲ. ಹಾಗೆಯೇ ಕ್ಯಾಮೆರಾಕ್ಕಾಗಿ ಹುಟ್ಟುವುದೂ ಇಲ್ಲ. ಮೈ ಪೂರ್ತಿ ಮುಚ್ಚುವಂತೆ ಸೀರೆ ಉಟ್ಟು ಸೆರಗು ಹೊದ್ದ ದಾದಿಯ ಚಿತ್ರ ಮೊಮ್ಮಕ್ಕಳ ಬಳಿ ಅವರು ಇದ್ದ ಹಾಗೆಯೇ ಇರಬೇಕು. ಹಳೆಯ ಮೈಸೂರು ಸೀಮೆಯ ನಮ್ಮ ಅಜ್ಜಿಯರು ಹೀಗೆ ಉಡುತ್ತಿದ್ದರು ಎಂಬುದು ಇನ್ನು ಮೂವತ್ತು ವರ್ಷದ ನಂತರ ಅಂತಹ ಚಿತ್ರಗಳಿಂದಲೇ ತಿಳಿಯಬೇಕಾಗಬಹುದು.

ಮಂಡ್ಯದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. 2022ರ ಫೆಬ್ರವರಿ 8ರಂದು ಮಂಡ್ಯದ ಪಿಇಎಸ್ ಕಾಲೇಜಿನ ಆವರಣದಲ್ಲಿ ಬುರ್ಖಾ ಧರಿಸಿ ಬಂದ ಒಬ್ಬ ವಿದ್ಯಾರ್ಥಿನಿಯನ್ನು ಗುಂಪೊಂದು ಘೋಷಣೆ ಕೂಗುತ್ತಾ ಮುತ್ತಿದ ದೃಶ್ಯ ಜಗತ್ತಿನಾದ್ಯಂತ ಹರಿದಾಡಿತು. ಮಾರ್ಚ್ 15ರಂದು ರಾಜ್ಯ ಹೈಕೋರ್ಟು ತರಗತಿಗಳಲ್ಲಿನ ನಿರ್ಬಂಧವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ಅವರಲ್ಲಿ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಇದು ಕೊನೆಗೂ ಆಕೆಯ ಆಯ್ಕೆಯ ಪ್ರಶ್ನೆ ಎಂದು ಕಂಡರು. ಆಗ ನಾವೆಲ್ಲರೂ, ನಮ್ಮ ಹೆಣ್ಣುಮಕ್ಕಳ ತಲೆಯ ಬಟ್ಟೆಯನ್ನು ತೆಗೆಯಿರೆನ್ನಲು ಇವರು ಯಾರು ಎಂದು ಕೇಳಿದೆವು. ನ್ಯಾಯವಾದ ಪ್ರಶ್ನೆ. ಅದೇ ಹೆಣ್ಣುಮಗಳಿಗೆ ಅದೇ ಮಾತನ್ನು ಸ್ಟುಡಿಯೋದ ದೀಪದ ಕೆಳಗೆ ನಾವೇ ಹೇಳುವುದಾದರೆ ಆ ಪ್ರಶ್ನೆಗೆ ಏನು ಬೆಲೆ ಉಳಿಯಿತು? ಭಾರತದ ಪಾಸ್‌ಪೋರ್ಟ್ ನಿಯಮಗಳು ಕೂಡ ಮುಖ ಪೂರ್ತಿ ಕಾಣುವಂತಿದ್ದರೆ ಧಾರ್ಮಿಕ ಕಾರಣದ ತಲೆವಸ್ತ್ರವನ್ನು ಫೋಟೋದಲ್ಲಿ ಒಪ್ಪುತ್ತವೆ. ಸರಕಾರಿ ಕಚೇರಿ ಕೊಡುವಷ್ಟು ಗೌರವವನ್ನಾದರೂ ಅತ್ತೆಮನೆ ಕೊಡಬೇಡವೇ?

ಇನ್ನೊಂದು ಸಂಗತಿಯನ್ನು ನಾವು ಗಮನಿಸುವುದೇ ಇಲ್ಲ. ಚಿತ್ರದಲ್ಲಿ ಯಾರು ಜೊತೆಗೆ ನಿಂತಿದ್ದಾರೆ ಎಂದು ನೋಡಿ ಉಡುಪನ್ನು ನಿರ್ಧರಿಸುತ್ತೇವೆ: ಅಣ್ಣ, ತಂದೆ, ಮಗ ಮಾತ್ರ ಇದ್ದಾರೆ, ಎಲ್ಲರೂ ಮಹ್ರಮ್, ಚಿಂತೆಯಿಲ್ಲ ಎಂದು. ಚಿತ್ರವನ್ನು ಯಾರು ನೋಡುತ್ತಾರೆ ಎಂದು ಕೇಳಿಕೊಳ್ಳಬೇಕು. ಛಾಯಾಗ್ರಾಹಕ ನೋಡುತ್ತಾನೆ. ಅವನ ಸಹಾಯಕ ಕಂಪ್ಯೂಟರಿನಲ್ಲಿ ಮುಖದ ಮೇಲಿನ ಕಲೆ ಅಳಿಸುವಾಗ ಗಂಟೆಗಟ್ಟಲೆ ನೋಡುತ್ತಾನೆ. ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ಮಾದರಿಯೆಂದು ಇಟ್ಟರೆ ಬಸ್ಸಿಗೆ ಕಾಯುವವರೆಲ್ಲ ನೋಡುತ್ತಾರೆ. ವಾಟ್ಸಪ್‌ಗೆ ಬಿದ್ದ ಮೇಲಂತೂ ಅದಕ್ಕೆ ಮನೆಯ ಬಾಗಿಲೇ ಇಲ್ಲ. ಆದುದರಿಂದ ಹೊರಗೆ ಹೋಗಬಹುದಾದ ಚಿತ್ರಕ್ಕೆ ಹೊರಗೆ ಉಡುವ ಉಡುಪೇ ಸರಿ. ಮನೆಯೊಳಗಿನ ಸಿಂಗಾರದ ಚಿತ್ರ ಬೇಕೆಂದರೆ ಹೆಣ್ಣುಮಕ್ಕಳು ತಾವೇ ತಮ್ಮ ಮೊಬೈಲಿನಲ್ಲಿ ತೆಗೆದುಕೊಳ್ಳಲಿ, ಅದು ಅವರಲ್ಲೇ ಉಳಿಯಲಿ. ಸ್ಟುಡಿಯೋದವರಿಗೆ, ಪ್ರದರ್ಶನಕ್ಕೆ ಇಡಬೇಡಿ, ತಮ್ಮ ಫೇಸ್‌ಬುಕ್ ಪುಟಕ್ಕೆ ಹಾಕಬೇಡಿ ಎಂದು ಹಣ ಕೊಡುವ ಮೊದಲೇ ಹೇಳಬೇಕು. ಸಾಮಾನ್ಯವಾಗಿ ಅವರು ಒಪ್ಪುತ್ತಾರೆ. ನಾವು ಕೇಳುವುದೇ ಇಲ್ಲ.

ಫೋಟೋವೇ ಹರಾಮ್ ಅಲ್ಲವೇ ಎಂಬ ಹಳೆಯ ಚರ್ಚೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು ಕ್ಯಾಮೆರಾ ನೆರಳನ್ನು ಹಿಡಿದಿಡುತ್ತದೆಯೇ ಹೊರತು ರೂಪವನ್ನು ಸೃಷ್ಟಿಸುವುದಿಲ್ಲ ಎಂಬ ನೆಲೆಯಲ್ಲಿ ಅನುಮತಿಸಿದ್ದರು. ಭಾರತದ ಅನೇಕ ಉಲೆಮಾಗಳು ಅಗತ್ಯಕ್ಕೆ ಮಾತ್ರ ಎನ್ನುತ್ತಾರೆ. ಎರಡನೇ ಅಭಿಪ್ರಾಯವನ್ನು ಪಾಲಿಸುವ ಚಾಚಾ ಒಬ್ಬರು ಚಿತ್ರಕ್ಕೆ ನಿಲ್ಲಲಾರೆ ಎಂದರೆ ಒತ್ತಾಯಿಸಬೇಡಿ, ಗೇಲಿಯನ್ನಂತೂ ಮಾಡಲೇಬೇಡಿ. ಅನುಮತಿಸಿದವರಲ್ಲೂ ಬಹಳ ಮಂದಿ ಗೋಡೆಗೆ ತೂಗುಹಾಕುವುದನ್ನು ಇಷ್ಟಪಡುವುದಿಲ್ಲ. ಆಲ್ಬಮ್ ಸಾಕು.

ಗಂಡಸರ ಬಟ್ಟೆಯ ಬಗ್ಗೆ ಒಂದೇ ಎಚ್ಚರಿಕೆ: ರೇಷ್ಮೆ. ಮಳವಳ್ಳಿಯಿಂದ ರಾಮನಗರದವರೆಗೆ ಹಿಪ್ಪುನೇರಳೆ ಬೆಳೆದು ಗೂಡು ಮಾರುವ ಸೀಮೆ ನಮ್ಮದು. ಗೂಡು ಬೇಯಿಸಿ ನೂಲು ತೆಗೆಯುವ ಕೆಲಸದಲ್ಲಿ ಮುಸ್ಲಿಮರು ತಲೆಮಾರುಗಳಿಂದ ಇದ್ದಾರೆ. ಆದರೂ ಶುದ್ಧ ರೇಷ್ಮೆ ಮತ್ತು ಚಿನ್ನ ಗಂಡಸರಿಗೆ ನಿಷಿದ್ಧ, ಹೆಂಗಸರಿಗೆ ಅನುಮತ. ಹನಫೀ ವಿದ್ವಾಂಸರು ಪುಟ್ಟ ಗಂಡುಮಕ್ಕಳಿಗೆ ತೊಡಿಸುವುದನ್ನೂ ಒಪ್ಪುವುದಿಲ್ಲ. ಮಸೀದಿಯ ಬಾಗಿಲಲ್ಲಿ ಮಾರಾಟಕ್ಕಿದ್ದ ರೇಷ್ಮೆ ಉಡುಪನ್ನು ಕಂಡು ಉಮರ್(ರ), ಜುಮುಆಗೂ ನಿಯೋಗಗಳು ಬಂದಾಗಲೂ ಧರಿಸಲು ಇದನ್ನು ಕೊಳ್ಳಬಾರದೇ ಎಂದು ಪ್ರವಾದಿಯವರನ್ನು(ಸ) ಕೇಳಿದ್ದರು, ಅವರು ನಿರಾಕರಿಸಿದರು. ವಿಶೇಷ ದಿನಕ್ಕೆ ವಿಶೇಷ ಉಡುಪು ಎಂಬ ಉಮರ್(ರ)ರ ಆಲೋಚನೆಯನ್ನು ಅವರು ತಳ್ಳಿಹಾಕಲಿಲ್ಲ, ತಳ್ಳಿದ್ದು ರೇಷ್ಮೆಯನ್ನು. ಅಂಗಡಿಗಳಲ್ಲಿ ‘ಸಿಲ್ಕ್’ ಎಂದು ಮಾರುವ ಅಗ್ಗದ ಶೇರ್ವಾನಿಗಳು ಬಹುಪಾಲು ಪಾಲಿಯೆಸ್ಟರ್, ಅದರಿಂದ ಅಡ್ಡಿಯಿಲ್ಲ. ಕೊಳ್ಳುವ ಮುನ್ನ ಒಳಪಟ್ಟಿಯನ್ನು ಓದಿದರೆ ಸಾಕು. ಮಕ್ಕಳ ಟೀಶರ್ಟಿನ ಮೇಲಿನ ಇಂಗ್ಲಿಷ್ ಬರಹವನ್ನೂ ಓದಬಲ್ಲವರಿಂದ ಓದಿಸಿ. ಏನೇನೋ ಬರೆದಿರುತ್ತದೆ.

ಇನ್ನು ಕಣ್ಣಿಗೆ ಹಿತವಾಗುವ ವಿಚಾರ. ಬಿಳಿ ಬಟ್ಟೆಯನ್ನು ಪ್ರವಾದಿ(ಸ) ಮೆಚ್ಚಿ ಶಿಫಾರಸು ಮಾಡಿದ್ದರು, ನಮ್ಮ ಗಂಡಸರು ಬಿಳಿ ಜುಬ್ಬಾ ತೊಡುವುದು ಸಂತೋಷ. ಆದರೆ ಸ್ಟುಡಿಯೋದಲ್ಲಿ ಬಿಳಿ ಪರದೆಯ ಮುಂದೆ ಬಿಳಿ ಜುಬ್ಬಾ, ಪಕ್ಕದಲ್ಲಿ ಕಪ್ಪು ಬುರ್ಖಾಗಳ ಸಾಲು ನಿಂತರೆ ಕ್ಯಾಮೆರಾ ಕಂಗಾಲಾಗುತ್ತದೆ. ಕಪ್ಪಿನ ಮಡಿಕೆಗಳು ಕಾಣುವಂತೆ ಬೆಳಕು ಹೆಚ್ಚಿಸಿದರೆ ಜುಬ್ಬಾಗಳು ಸುಣ್ಣದ ಗೋಡೆಯಂತಾಗುತ್ತವೆ, ಜುಬ್ಬಾಕ್ಕೆ ಹೊಂದಿಸಿದರೆ ಹೆಂಗಸರೆಲ್ಲ ಒಂದೇ ಕಪ್ಪು ರಾಶಿಯಾಗಿ ಮುಖಗಳೂ ಮಂಕಾಗುತ್ತವೆ. ಪರದೆ ಬೂದು ಇಲ್ಲವೇ ಮಾಸಲು ನೀಲಿಯದಿರಲಿ. ಕಪ್ಪಿನ ಮೇಲೆ ಮರೂನ್, ತಿಳಿಹಸಿರು, ಕೆನೆ ಬಣ್ಣದ ದುಪಟ್ಟಾ ಬಂದರೆ ಮುಖಗಳು ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ಒತ್ತಾದ ಸಣ್ಣ ಚೌಕುಳಿ ಮತ್ತು ಗೆರೆಯ ಅಂಗಿಗಳು ಚಿತ್ರದಲ್ಲಿ ಅಲೆಅಲೆಯಾಗಿ ನಡುಗುವಂತೆ ಕಾಣುವುದುಂಟು, ಅವನ್ನು ಬಿಡಬಹುದು. ವಿಪರೀತ ಜರಿ, ಕನ್ನಡಿ ಕೆಲಸ ಫ್ಲಾಷ್ ಬೆಳಕಿಗೆ ಚುಚ್ಚುತ್ತದೆ. ಚಿತ್ತಾರದ ಹೊದಿಕೆಯೊಂದು ನಮಾಝಿನಲ್ಲಿ ತಮ್ಮ ಗಮನ ಸೆಳೆಯಿತೆಂದು ಪ್ರವಾದಿ(ಸ) ಅದನ್ನು ಅಬೂ ಜಹ್ಮ್(ರ) ಅವರಿಗೆ ಕಳುಹಿಸಿ ಅವರ ಸಾದಾ ಹೊದಿಕೆಯನ್ನು ತರಿಸಿಕೊಂಡದ್ದು ನೆನಪಾಗುತ್ತದೆ. ಅಲ್ಲಿನ ಸಂದರ್ಭ ಬೇರೆ, ಆದರೆ ಚಿತ್ತಾರ ಕಣ್ಣನ್ನು ಎಳೆಯುತ್ತದೆ ಎಂಬ ಮಾತು ಇಲ್ಲಿಯೂ ನಿಜ. ನಾಳೆ ಚಿತ್ರ ನೋಡುವವರು ಮೊದಲು ದಾದಿಯ ಮುಖವನ್ನು ನೋಡಬೇಕೇ, ಸೊಸೆಯ ಜರಿಯನ್ನೇ?

ಇಷ್ಟೆಲ್ಲ ಯೋಚನೆಯ ಗೋಜೇ ಬೇಡ ಎನ್ನುವವರಿಗೆ ಸುಲಭದ ದಾರಿಯೂ ಇದೆ. ಈದ್‌ನ ದಿನ ಬಡವರ ಮನೆಯಲ್ಲೂ ಮಕ್ಕಳಿಗೆ ಇರುವುದರಲ್ಲಿ ಉತ್ತಮ ಬಟ್ಟೆ ಮೈಮೇಲೆ ಇರುತ್ತದೆ, ಅದಕ್ಕಾಗಿ ಹೊಸ ಖರ್ಚಿಲ್ಲ. ಬೆಂಗಳೂರಿಗೆ ಹೋದವರೂ ಊರಿಗೆ ಬಂದಿರುತ್ತಾರೆ. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಕಣ್ಣ ಕೆಳಗೆ ಕಪ್ಪು ನೆರಳು ಬೀಳುವುದರಿಂದ ಆಗ ಬೇಡ. ಅಸರ್ ನಮಾಝಿನ ನಂತರ, ಬಿಸಿಲು ಓರೆಯಾದಾಗ, ಮನೆಯ ಮುಂದಿನ ನೆರಳಿನಲ್ಲಿ ಎರಡು ಕುರ್ಚಿ ಹಾಕಿ ಹಿರಿಯರನ್ನು ಕೂರಿಸಬಹುದು. ಎಳನೀರು ಮಾರುಕಟ್ಟೆಯ ಅಣ್ಣ ಅವರ ಬಲಕ್ಕೆ ನಿಲ್ಲಲಿ, ಸೌದಿಯ ತಮ್ಮ ಹಿಂದೆ ನಿಲ್ಲಲಿ. ಸಾಮಾನ್ಯವಾಗಿ ಅವನೇ ಎತ್ತರ.